ಬಸವನಗುಡಿಯಲ್ಲಿ ಕೇಳಿದ ‘ಜರ್ಸಿ’ ಹಡಗಿನ ಕಥೆ: ಒಂದು ಉಪನ್ಯಾಸದ ವಿಮರ್ಶೆ

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರು ನ್ಯೂಯಾರ್ಕ್ ಬಂದರಿನಲ್ಲಿ ಇರಿಸಿದ್ದ ಸೆರೆಹಡಗುಗಳ ಕುರಿತು ಬಸವನಗುಡಿಯ ಸಣ್ಣ ಸಭಾಂಗಣವೊಂದರಲ್ಲಿ ಕಳೆದ ಭಾನುವಾರ ನಡೆದ ಸಚಿತ್ರ ಉಪನ್ಯಾಸಕ್ಕೆ 300 ರೂಪಾಯಿ ಶುಲ್ಕ ಕೊಟ್ಟು ಹೋಗಿದ್ದೆ. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ.

ಉಪನ್ಯಾಸಕರು ಯುದ್ಧದ ಇಸವಿಗಳನ್ನು ಒಪ್ಪಿಸುತ್ತ ಕೂರದೆ, ಅಲ್ಲಿನ ವಾಲಬೌಟ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ‘ಜರ್ಸಿ’ ಎಂಬ ಒಂದೇ ಹಡಗಿನ ದಿನಚರಿಯನ್ನು ಹಿಡಿದುಕೊಂಡರು. 1736ರಲ್ಲಿ 60 ಫಿರಂಗಿಗಳ ಯುದ್ಧನೌಕೆಯಾಗಿ ನೀರಿಗಿಳಿದಿದ್ದ ಅದರ ಹಾಯಿಕಂಬಗಳನ್ನು ಕಳಚಿ, ಫಿರಂಗಿ ಕಿಂಡಿಗಳನ್ನು ಮುಚ್ಚಿ, ಗಾಳಿಗೆಂದು ಕೊರೆದ ಸಣ್ಣ ಗಂಡಿಗಳಿಗೂ ಕಬ್ಬಿಣದ ಸರಳು ಬಡಿದು, ಒಳಗೆ ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿದ್ದರು. ಬ್ರಿಟಿಷ್ ನಾವಿಕನ ಪಡಿತರದ ಮೂರನೇ ಎರಡು ಭಾಗ ಮಾತ್ರ ಕೈದಿಗೆ ದೊರೆಯುತ್ತಿತ್ತು. ಬಿಸ್ಕತ್ತಿಗೆ ಹುಳು ಹಿಡಿದಿರುತ್ತಿತ್ತು, ಮಾಂಸವನ್ನು ಹಡಗಿನ ಹೊಲಸೆಲ್ಲ ಬಿದ್ದ ಅದೇ ಕೊಲ್ಲಿಯ ಉಪ್ಪುನೀರಿನಲ್ಲಿ ತಾಮ್ರದ ಹಂಡೆಗೆ ಹಾಕಿ ಬೇಯಿಸುತ್ತಿದ್ದರು. (ಇದಾದ ಮೇಲೆ ವಿರಾಮದಲ್ಲಿ ಕಾಫಿಯ ಜೊತೆಗಿಟ್ಟ ಬಿಸ್ಕತ್ತುಗಳು ತಟ್ಟೆಯಲ್ಲೇ ಉಳಿದವು.) ಬೆಳಗಾದರೆ ಕಾವಲುಗಾರರು ಸತ್ತವರನ್ನು ಮೇಲಕ್ಕೆ ತರುವಂತೆ ಕೂಗುತ್ತಿದ್ದರು. ದಡದ ಮರಳಿನಲ್ಲಿ ಹೆಣ ಹೂಳುವ ಕೆಲಸಕ್ಕೆ ಕೈದಿಗಳು ತಾವಾಗಿ ಮುಂದೆ ಬರುತ್ತಿದ್ದರಂತೆ, ಅಷ್ಟು ಹೊತ್ತಾದರೂ ನೆಲ ಮೆಟ್ಟಬಹುದೆಂದು. ಬ್ರಿಟಿಷ್ ನೌಕಾಪಡೆಗೆ ಸೇರಿದರೆ ಬಿಡುಗಡೆಯೆಂಬ ಆಮಿಷವಿದ್ದರೂ ಹೆಚ್ಚಿನವರು ಒಪ್ಪಲಿಲ್ಲ. ಈ ಹಡಗುಗಳಲ್ಲಿ ಸತ್ತವರು ಸುಮಾರು 11,500 ಎಂಬ ಸಂಖ್ಯೆಯನ್ನು ಹೇಳಿದೊಡನೆಯೇ ಅದು ಅಂದಾಜು ಮಾತ್ರವೆಂದು ಸ್ಪಷ್ಟಪಡಿಸಿದ ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು.

ಕೊರತೆ ಕಂಡದ್ದು ಬೇರೆಡೆ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನೇ 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದವನು. ಜರ್ಸಿಯಲ್ಲಿ ಅಮೆರಿಕನ್ನರು ಕೊಳೆಯುತ್ತಿದ್ದ ಕಾಲದಲ್ಲೇ, 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಬಂಧನದಲ್ಲಿದ್ದ. ಕೋಟೆಯಿಂದ ಕೂಗಳತೆಯಲ್ಲೇ ಎನ್ನಬಹುದಾದ ಸಭಾಂಗಣದಲ್ಲಿ ಕುಳಿತವರಿಗೆ ಇದರ ಒಂದು ಮಾತನ್ನೂ ಹೇಳದೆ ಬಿಟ್ಟದ್ದು ಸರಿಯೆನಿಸಲಿಲ್ಲ. ಪ್ರಶ್ನೋತ್ತರದಲ್ಲಿ ನಾನೇ ಕೇಳಿದಾಗ ಸಮಯ ಮುಗಿದಿತ್ತು.

ಚಿತ್ರಗಳ ಅಡಿಬರಹಗಳೆಲ್ಲ ಇಂಗ್ಲಿಷಿನಲ್ಲಿವೆ, ಅಕ್ಷರವೂ ಸಣ್ಣದು. ಮೈಕಿನ ಧ್ವನಿ ಹಿಂದಿನ ಸಾಲುಗಳಿಗೆ ಸರಿಯಾಗಿ ತಲುಪುವುದಿಲ್ಲವಾದ್ದರಿಂದ ಹೋಗುವವರು ಹತ್ತು ನಿಮಿಷ ಮೊದಲೇ ಹೋಗಿ ಮುಂದೆ ಕೂರುವುದು ಒಳ್ಳೆಯದು.