ರಾಯಚೂರಿನ ಬೋರ್ ನೀರಿಗೆ ಎರಡು ಡಿಶ್‌ವಾಷರ್: ಹತ್ತು ವರ್ಷ ಹಳೆಯದು, ಎರಡು ವರ್ಷ ಹೊಸದು

ಹೊಸ ಮಷಿನ್ ಬಂದ ಮೂರನೇ ವಾರ ಅವ್ವ ಸ್ಟೀಲ್ ಲೋಟವನ್ನು ಬೆಳಕಿಗೆ ಹಿಡಿದು, "ಇದಕ್ಕ ಯಾರು ಸುಣ್ಣ ಬಳದಾರ?" ಅಂದಳು. ಉಜ್ಜಿದರೆ ಬೆರಳಿಗೆ ಬಿಳಿ ಪುಡಿ. ಗಾಜಿನ ಲೋಟಗಳೆಲ್ಲ ಮಬ್ಬು. 2013ರಿಂದ ಹತ್ತು ವರ್ಷ ದುಡಿದ ಹಳೆಯ ಮಷಿನ್ ಒಂದು ದಿನವೂ ಹೀಗೆ ಮಾಡಿರಲಿಲ್ಲ. ನೀರು ಮಾತ್ರ ಅದೇ ಬೋರಿನದು.

ಮೆಕ್ಯಾನಿಕ್ ಬಂದರು, ಟಿಡಿಎಸ್ ಮೀಟರ್ ಅದ್ದಿದರು, "ನಿಮ್ಮ ನೀರೇ ಸರಿ ಇಲ್ರಿ" ಎಂದು ಹೋದರು. ನಾಲ್ಕು ತಿಂಗಳು ಅದೇ ಮಾತು ನಂಬಿ, ತೊಳೆದ ಭಾಂಡೆಯನ್ನೇ ಮತ್ತೆ ಒರೆಸಿದೆವು. ಆ ಮೀಟರ್ ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ತೋರಿಸುತ್ತದೆ. ಲೋಟದ ಮೇಲೆ ಕೂರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವನ್ನು ಹಿಡಿದಿಡಲೆಂದೇ ಮಷಿನ್‌ನೊಳಗೆ ರೆಸಿನ್ ಎಂಬ ಸಣ್ಣ ಮಣಿಗಳಿರುತ್ತವೆ. ನಾವು ಹಾಕುವ ಉಪ್ಪು ಆ ರೆಸಿನ್‌ಗೆ ಮತ್ತೆ ಶಕ್ತಿ ತುಂಬುತ್ತದೆ. ಎಷ್ಟು ಗಡಸು ನೀರು ಎಂದು ಮಷಿನ್‌ಗೆ ನಾವೇ ಹೇಳಬೇಕು. ಹಳೆಯದರಲ್ಲಿ ಉಪ್ಪಿನ ಮುಚ್ಚಳ ತೆಗೆದರೆ ತಿರುಗಿಸುವ ಗುಂಡಿ ಕಣ್ಣೆದುರೇ ಇತ್ತು. ಹೊಸದರಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಆ ಅಂಕಿ ಕಾಣುತ್ತದೆ. ಕೂರಿಸಲು ಬಂದವರು ಅದನ್ನು ಮುಟ್ಟಿರಲೇ ಇಲ್ಲ. ಎರಡು ನಿಮಿಷದ ಕೆಲಸವನ್ನು ಹೀಗೆ ಬಚ್ಚಿಟ್ಟಿದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಅಂಕಿಯನ್ನು ಕೊನೆಯವರೆಗೆ ಏರಿಸಿದೆ. ಸಿಟ್ರಿಕ್ ಆಸಿಡ್ ಪುಡಿ ಹಾಕಿ ಖಾಲಿ ಮಷಿನ್ ಒಮ್ಮೆ ಓಡಿಸಿದೆ. ವಾರದೊಳಗೆ ಲೋಟ ತಿಳಿಯಾದವು. ಆಮೇಲೆಯೇ ಹೊಸದರ ಗುಣಗಳು ಕಾಣತೊಡಗಿದ್ದು.

ರಾತ್ರಿ ಊಟವಾದ ಮೇಲೆ ಎಣ್ಣೆಗಾಯಿಯ ಕಡಾಯಿ ಕೆಳಗೆ ಬೋರಲು, ತಾಟು ಒಂದರ ಹಿಂದೆ ಒಂದು, ಶೇಂಗಾ ಚಟ್ನಿಯ ಬಟ್ಟಲು ಮೇಲೆ, ಚಮಚಗಳಿಗೆ ಮೂರನೆಯ ಟ್ರೇ. ಮುಸುರಿ ಮಾತ್ರ ಕೆಡವುತ್ತೇನೆ, ನಲ್ಲಿಗೆ ಹಿಡಿಯುವುದಿಲ್ಲ. ನೀರು ಎಷ್ಟು ಕದಡಿದೆ ಎಂದು ನೋಡಿ ತೊಳೆಯುವ ಸೆನ್ಸರ್ ಇದೆ. ತೊಳೆದೇ ಇಟ್ಟರೆ ಅದು ಕೆಲಸ ಬೇಗ ಮುಗಿಸಿಬಿಡುತ್ತದೆ, ಅಂಟಿಕೊಂಡದ್ದು ಹಾಗೇ ಉಳಿಯುತ್ತದೆ. ಹಂಚು, ಅಲ್ಯೂಮಿನಿಯಂ ಪಾತ್ರೆ ಒಳಗೆ ಹೋಗುವುದೇ ಇಲ್ಲ. ಭಾಂಡೆ ತೊಳೆಯುವ ಪುಡಿಯ ಕ್ಷಾರಕ್ಕೆ ಅಲ್ಯೂಮಿನಿಯಂ ಕಪ್ಪಾಗುತ್ತದೆ.

ಹಳೆಯದು ಒಂದೂವರೆ ತಾಸಿನಲ್ಲಿ ಮುಗಿಸುತ್ತಿತ್ತು. ಹೊಸದರಲ್ಲಿ ಕರೆಂಟ್, ನೀರು ಉಳಿಸುವ 'ಇಕೋ' ಪ್ರೋಗ್ರಾಂ ಮೂರು ತಾಸು ದಾಟುತ್ತದೆ. ಮೊದಲು ಇದೂ ಬೇಸರ ತಂದಿತ್ತು. ಆದರೆ ಕರೆಂಟ್ ಹೆಚ್ಚು ತಿನ್ನುವುದು ನೀರು ಕಾಯಿಸುವ ಕೆಲಸ. ಕಡಿಮೆ ನೀರು, ಕಡಿಮೆ ಬಿಸಿ ಇರುವುದರಿಂದಲೇ ಹೊತ್ತು ಹೆಚ್ಚು. ಮಲಗುವಾಗ ಹಚ್ಚಿದರೆ ಯಾರಿಗೂ ತೊಂದರೆಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಹಳೆಯದರ ತಳದಲ್ಲಿ ಬಯಲಾಗಿದ್ದ ಕಾಯಿಲ್ ಎಷ್ಟು ಪ್ಲಾಸ್ಟಿಕ್ ಮುಚ್ಚಳ ಸೊಟ್ಟ ಮಾಡಿತ್ತೋ! ಈಗ ಹೀಟರ್ ಕಣ್ಣಿಗೇ ಬೀಳದ ಕಡೆ ಇದೆ, ಕೊನೆಗೆ ಬಾಗಿಲು ತಾನೇ ತೆರೆದುಕೊಂಡು ಹಬೆ ಹೊರಗೆ ಬಿಡುತ್ತದೆ.

ಉಪ್ಪು, ಪುಡಿ ಸೇರಿ ನಮಗೆ ತಿಂಗಳಿಗೆ ಸುಮಾರು 700 ರೂಪಾಯಿ. ಅಡುಗೆ ಉಪ್ಪು ಹಾಕಿ ಉಳಿಸಲು ಹೋಗಬೇಡಿ, ನುಣ್ಣನೆಯ ಹರಳು ಒಳಗೆ ಗಟ್ಟಿಯಾಗುತ್ತದೆ. ಕೊಳ್ಳುವವರು ಕೂರಿಸಲು ಬಂದ ದಿನವೇ ಮೆಕ್ಯಾನಿಕ್‌ರನ್ನು ನಿಲ್ಲಿಸಿ ಗಡಸುತನದ ಅಂಕಿ ಬದಲಿಸಿಕೊಳ್ಳಿ.

ರೊಟ್ಟಿ ಹಿಟ್ಟು ನಾದಿದ ಪರಾತ ಮಾತ್ರ ಎರಡಕ್ಕೂ ಬಗ್ಗಲಿಲ್ಲ. ಜೋಳದ ಹಿಟ್ಟು ಒಣಗಿತೋ, ನೆನೆ ಹಾಕಿ ಕೈಯಿಂದಲೇ ತಿಕ್ಕಬೇಕು. ಅದನ್ನು ಅವ್ವ ಈಗಲೂ ಯಾರಿಗೂ ಬಿಡುವುದಿಲ್ಲ.