ಹಳೆ ಟೂ-ಸ್ಟ್ರೋಕ್ ಗಾಡಿಯ ಕ್ಲಚ್ ಬಿಡುತ್ತಿಲ್ಲವೇ? ಪ್ಲೇಟು ಬದಲಿಸಲು ಒಪ್ಪುವ ಮೊದಲು ಇದನ್ನು ಓದಿ

ಹಳೆ ಆರ್‌ಎಕ್ಸ್, ಶೋಗನ್, ಯೆಜ್ಡಿ ಬೈಕು ಇಟ್ಟುಕೊಂಡು ಗುಡ್ಡೆ, ತೋಟ, ಕೆಸರುಗದ್ದೆ ಅಂತ ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲೀವರ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತಿದ್ದರೆ, ನಿಂತಲ್ಲಿ ನ್ಯೂಟ್ರಲ್ ಸಿಗದಿದ್ದರೆ, "ಹಳೆ ಗಾಡಿ ಅಲ್ವಾ, ಹಾಗೇ" ಅಂತ ಓಡಿಸುತ್ತಾ ಇರಬೇಡಿ. ಕವರ್ ಬಿಚ್ಚುವ ಮೊದಲೇ "ಪ್ಲೇಟು ಹೋಗಿದೆ, ಸೆಟ್ಟೇ ಬದಲಿಸುವಾ" ಅನ್ನುವ ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಬರಲೂಬೇಡಿ. ನಮ್ಮ ಮನೆಯಲ್ಲಿ ಇದರಿಂದ ಒಬ್ಬ ಹುಡುಗನ ಕಾಲು ಮುರಿದಿದೆ.

ಗಾಡಿ ಆರ್‌ಎಕ್ಸ್ 135, ಕೆಎಲ್-14 ಅಂದರೆ ಕಾಸರಗೋಡು ನೋಂದಣಿಯದ್ದು. ಬದಿಯಡ್ಕ, ಪೆರ್ಲ ಕಡೆ ಇಂಥ ಗಾಡಿಗಳು ತುಂಬ ಉಂಟು: ಹ್ಯಾಂಡಲ್ ಎತ್ತರಿಸಿ, ಹಿಂದೆ ದೊಡ್ಡ ಸ್ಪ್ರಾಕೆಟ್ ಕೂರಿಸಿ, ಬಟನ್ ಟಯರು ಹಾಕಿ ಕೆಸರಿಗೆ ತಯಾರು ಮಾಡಿದವು. ಅಕ್ಕನ ಮಗ ಮಳೆ ಹಿಡಿಯುತ್ತಿದ್ದಂತೆ ಗದ್ದೆಯಲ್ಲಿ ಓಡಿಸಿ, ಪ್ರೆಶರ್ ನೀರು ಹೊಡೆಸಿ ತೊಳೆಸಿ, ಆಟಿ ತಿಂಗಳು (ಜುಲೈ-ಆಗಸ್ಟ್ ಹೊತ್ತು) ಕಳೆಯುವವರೆಗೆ ಕೊಟ್ಟಿಗೆಯ ಬದಿಯಲ್ಲಿ ನಿಲ್ಲಿಸಿದ್ದ. ಸೋಣ ತಿಂಗಳಲ್ಲಿ ಹೊರಗೆ ತೆಗೆದಾಗ "ಮಾವ, ನ್ಯೂಟ್ರಲೇ ಸಿಗುದಿಲ್ಲ, ಕ್ಲಚ್ ಹಿಡಿದರೂ ಎಳೀತದೆ" ಅಂದ. ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆವು. ಹೆಸರು ಬರೆಯುವುದಿಲ್ಲ. ಆ ಹುಡುಗರ ಮೇಲೆ ನನಗೆ ಹಗೆ ಇಲ್ಲ, ಅವರು ಮಾಡಿದ ಕೆಲಸದ ಬಗ್ಗೆ ಮಾತ್ರ ಸಿಟ್ಟು ಇದೆ.

ಮೊದಲು ಒಂದು ವಿಷಯ ತಲೆಯಲ್ಲಿ ಗಟ್ಟಿ ಕೂರಿಸಿಕೊಳ್ಳಿ. ಕ್ಲಚ್ ಜಾರುವುದು ಬೇರೆ, ಎಳೆಯುವುದು ಬೇರೆ. ಎರಡೂ ಒಂದಕ್ಕೊಂದು ವಿರುದ್ಧದ ಕಾಯಿಲೆ. ಸವೆದ ಪ್ಲೇಟು ಜಾರುತ್ತದೆ: ಚಡವಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಎಳೆಯುವ ಕ್ಲಚ್ಚಿನಲ್ಲಿ ಪ್ಲೇಟುಗಳು ಒಂದನ್ನೊಂದು ಬಿಟ್ಟುಕೊಡುತ್ತಿಲ್ಲ. ಬರೀ ಸವೆದ ಕಾರಣಕ್ಕೆ ಪ್ಲೇಟು ಹಾಗೆ ಮಾಡುವುದಿಲ್ಲ. ಎಳೆತಕ್ಕೆ ಮದ್ದು ಅಂತ ಹೊಸ ಪ್ಲೇಟು ಹಾಕುವವರು ರೋಗ ಎಲ್ಲಿದೆ ಅಂತಲೇ ನೋಡಿರುವುದಿಲ್ಲ.

ಒಳಗೆ ಆಗುವುದು ಇಷ್ಟು. ಕಿವಿ ಇರುವ ಫ್ರಿಕ್ಷನ್ ಪ್ಲೇಟುಗಳು ಹೊರಗಿನ ಹೌಸಿಂಗಿನ ಬೆರಳುಗಳ ನಡುವಿನ ಸೀಳಿನಲ್ಲಿ ಕೂರುತ್ತವೆ. ನಡುನಡುವೆ ಉಕ್ಕಿನ ಪ್ಲೇಟುಗಳು ಒಳಗಿನ ಹಬ್ಬಿನ ಹಲ್ಲಿಗೆ ಕೂರುತ್ತವೆ. ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿಯುತ್ತವೆ. ಲೀವರ್ ಎಳೆದರೆ ಕೇಬಲ್ ಒಂದು ತೋಳನ್ನು ತಿರುಗಿಸುತ್ತದೆ, ತೋಳು ಪುಶ್ ರಾಡನ್ನು ತಳ್ಳುತ್ತದೆ, ರಾಡು ಪ್ರೆಶರ್ ಪ್ಲೇಟನ್ನು ಎತ್ತುತ್ತದೆ. ಎತ್ತುವುದು ಒಂದೆರಡು ಮಿಲಿಮೀಟರು ಮಾತ್ರ. ಆ ಸಣ್ಣ ಎಡೆಯಲ್ಲೇ ಅಷ್ಟೂ ಪ್ಲೇಟು ಬಿಡಿಸಿಕೊಳ್ಳಬೇಕು. ದಾರಿಯಲ್ಲಿ ಎಲ್ಲಿಯಾದರೂ ಅರ್ಧ ಮಿಲಿಮೀಟರು ಕಳೆದುಹೋದರೂ ಗಾಡಿ ಎಳೆಯಲು ಶುರು. ಆದ್ದರಿಂದ ಹುಡುಕಾಟ ಲೀವರಿನಿಂದ ಶುರುವಾಗಿ ಒಳಕ್ಕೆ ಹೋಗಬೇಕು.

ಆ ಗ್ಯಾರೇಜಿನಲ್ಲಿ ನಡೆದದ್ದು ಉಲ್ಟಾ. "ಪ್ಲೇಟು ಸುಟ್ಟಿದೆ ಮಾರಾಯ್ರೆ, ಹೊಸ ಸೆಟ್ಟು ಹಾಕಿದರೆ ಮತ್ತೆ ನೋಡ್ಲೇ ಬೇಡ" ಅಂದರು. ಹಾಕಿದರು. ಎಳೆತ ಹೆಚ್ಚಾಯಿತು. ಮತ್ತೆ ಬಿಚ್ಚಿ "ಹೌಸಿಂಗ್ ಕಟ್ ಆಗಿದೆ" ಅಂತ ಗ್ರೈಂಡರ್ ಹಿಡಿದರು. ಅದೂ ಸಾಲದೆ ಸ್ಪ್ರಿಂಗ್ ಬದಲಿಸಿದರು. ಪ್ರತಿ ಸಲ ಗಾಡಿ ಕೈಗೆ ಬಂದಾಗ ಲೀವರ್ ಸರಿ ಇರುತ್ತಿತ್ತು. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮತ್ತೆ ಸಡಿಲ. ಕೇಳಿದರೆ "ಹೊಸ ಪ್ಲೇಟು ಸೆಟ್ ಆಗ್ಬೇಕು, ಓಡಿಸಿ" ಅನ್ನುವ ಉತ್ತರ.

ಓಡಿಸಿದ. ತೋಟಕ್ಕೆ ಇಳಿಯುವ ಮುರಕಲ್ಲಿನ ದಾರಿಯಲ್ಲಿ ಎದುರಿನಿಂದ ಪಿಕಪ್ ಬಂತು. ಹುಡುಗ ಬದಿಗೆ ನಿಲ್ಲಿಸಿ, ಫಸ್ಟ್ ಗೇರಿನಲ್ಲಿ ಲೀವರ್ ಪೂರ್ತಿ ಹಿಡಿದು ಕಾಯುತ್ತಿದ್ದ. ಎಂಜಿನ್ ಆಫ್ ಆಗುವ ಹಾಗೆ ಕುಂಟಿತು, ಸ್ವಲ್ಪ ಆ್ಯಕ್ಸಿಲರೇಟರ್ ಕೊಟ್ಟ. ಟೂ-ಸ್ಟ್ರೋಕ್ ಎಂಜಿನ್ನಿಗೆ ಅಷ್ಟು ಸಾಕು. ಕ್ಲಚ್ ಹಿಡಿದ ಗಾಡಿ ಚಂಗನೆ ಹಾರಿ ತೋಡಿಗೆ ಬಿತ್ತು, ಅವನ ಕಾಲು ಗಾಡಿಯ ಅಡಿಗೆ ಸಿಕ್ಕಿತು. ಪಾದದ ಗಂಟಿನ ಮೂಳೆ ಮುರಿದಿತ್ತು, ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತ್ತು. ಪಿಕಪ್ಪಿನವರು ಬ್ರೇಕ್ ಹಿಡಿಯದಿದ್ದರೆ ನಾನು ಇಲ್ಲಿ ಬರೆಯುವ ವಿಷಯವೇ ಬೇರೆ ಇರುತ್ತಿತ್ತು.

ಆಮೇಲೆ ಗಾಡಿಯನ್ನು ಪುತ್ತೂರು ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ಕರ ಹತ್ತಿರ ಒಯ್ದೆವು. ಅವರು ಬಲಬದಿಯ ಕವರ್ ತೆಗೆದು, ಏನನ್ನೂ ಬಿಚ್ಚದೆ, "ಲೀವರ್ ನಿಧಾನ ಎಳೀರಿ" ಅಂದರು. ಪ್ರೆಶರ್ ಪ್ಲೇಟು ಒಂದು ಬದಿಯಲ್ಲಿ ಎದ್ದಿತು, ಇನ್ನೊಂದು ಬದಿಯಲ್ಲಿ ಅಲುಗಲೇ ಇಲ್ಲ. ಸ್ಪ್ರಿಂಗುಗಳನ್ನು ತೆಗೆದು ಸಾಲಾಗಿ ಗಾಜಿನ ಮೇಲೆ ನಿಲ್ಲಿಸಿದರು. ಒಂದು ಗಿಡ್ಡ, ಅದರ ತಂತಿಯೂ ದಪ್ಪ, ಬೇರೆ ಯಾವುದೋ ಗಾಡಿಯದ್ದು. ಹೌಸಿಂಗಿನ ಬೆರಳುಗಳಲ್ಲಿ ಪ್ಲೇಟಿನ ಕಿವಿ ಬಡಿದು ಆದ ಹಳ್ಳಗಳು ಹಾಗೇ ಇದ್ದವು. ಗ್ರೈಂಡರ್ ತಾಗಿದ ಕಡೆ ಮಾತ್ರ ಸೀಳು ಅಗಲವಾಗಿ ಹೊಸ ಮೆಟ್ಟಿಲು ಎದ್ದಿತ್ತು. ಲೀವರ್ ಎಳೆದಾಗ ಪ್ಲೇಟು ಆ ಹಳ್ಳದೊಳಗೇ ಸಿಕ್ಕಿಬೀಳುತ್ತದೆ, ಬದಿಗೆ ಸರಿಯುವುದೇ ಇಲ್ಲ. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿತ್ತು, ತಳದಲ್ಲಿ ಮಿನುಗುವ ಅಲ್ಯುಮಿನಿಯಂ ಹುಡಿ. ಮಳೆಗಾಲದಲ್ಲಿ ಒಳಗೆ ಹೋದ ನೀರು ಅಲ್ಲೇ ಉಳಿದಿತ್ತು. ಅಷ್ಟು ಸಲ ಬಿಚ್ಚಿದವರು ಹಳೆ ಎಣ್ಣೆಯನ್ನೇ ವಾಪಸು ಸುರಿದಿದ್ದರು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಪುಶ್ ರಾಡಿನಲ್ಲಿತ್ತು. ರಾಡಿನ ಎರಡು ತುಂಡುಗಳ ನಡುವೆ ಒಂದು ಉಕ್ಕಿನ ಬಾಲ್ ಇರಬೇಕು. ಒಂದು ತುಂಡು ಕ್ಲಚ್ಚಿನ ಜೊತೆ ತಿರುಗುತ್ತದೆ, ಇನ್ನೊಂದು ತಿರುಗಬಾರದು; ಆ ತಿಕ್ಕಾಟವನ್ನು ತಾಳಿಕೊಳ್ಳುವುದು ಆ ಬಾಲ್. ಬಿಚ್ಚುವಾಗ ಅದು ಉರುಳಿ ಎಲ್ಲೋ ಬಿದ್ದಿದೆ. ಬಾಲ್ ಇಲ್ಲದೆಯೇ, ನಡುವಿನ ಅಡ್ಜಸ್ಟ್ ಸ್ಕ್ರೂವನ್ನು ಉದ್ದಕ್ಕೆ ಎಳೆದು ಲೆಕ್ಕ ಸರಿಮಾಡಿ ಕವರ್ ಮುಚ್ಚಿದ್ದಾರೆ. ರಾಡಿಗೆ ರಾಡು ಉಜ್ಜಿ ತುದಿ ನೀಲಿಗಟ್ಟಿ ಅಣಬೆಯಾಗಿತ್ತು. ಪ್ರತಿ ಸಲ ಓಡಿಸಿದಾಗ ರಾಡು ಸವೆದು ಗಿಡ್ಡವಾಗುತ್ತಿತ್ತು, ಲೀವರ್ ಸಡಿಲವಾಗುತ್ತಿತ್ತು. "ಸೆಟ್ ಆಗ್ಬೇಕು" ಅಂದದ್ದರ ಅರ್ಥ ಇದು.

ನಿಮ್ಮ ಗಾಡಿಗೆ ಹೀಗಾದರೆ ಮೊದಲು ಯಾವಾಗ ಎಳೆಯುತ್ತದೆ ಅಂತ ಗಮನಿಸಿ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಎಳೆದು ಬಿಸಿಯಾದ ಮೇಲೆ ಸರಿಹೋದರೆ ಎಣ್ಣೆ ದಪ್ಪದ್ದು, ಇಲ್ಲವೇ ನಿಂತು ನಿಂತು ಪ್ಲೇಟು ಅಂಟಿದೆ. ಲಾರಿ ಡಿಫರೆನ್ಶಿಯಲ್ಲಿಗೆ ಹಾಕುವ 90 ನಂಬರಿನ ದಪ್ಪ ಎಣ್ಣೆಯನ್ನು ಗೇರ್ ಬಾಕ್ಸಿಗೆ ಸುರಿಯುವವರು ಈಗಲೂ ಇದ್ದಾರೆ, ಬೇಡ ಅನ್ನಿ. ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಗುರುತಿರುವ ಬೈಕಿನ ಎಣ್ಣೆ ತೆಗೆದುಕೊಳ್ಳಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಎಳೆದರೆ ಉಕ್ಕಿನ ಪ್ಲೇಟು ಬಾಗಿರುವ ಸಂಭವ ಹೆಚ್ಚು. ಕೆಸರಿನಲ್ಲಿ ಕ್ಲಚ್ ಅರ್ಧ ಹಿಡಿದು ಓಡಿಸಿದ ಗಾಡಿಗಳಲ್ಲಿ ಪ್ಲೇಟು ಕಾದು ನೀಲಿಯಾಗಿರುತ್ತದೆ. ದಪ್ಪ ಗಾಜಿನ ಮೇಲೆ ಇಟ್ಟು ಸುತ್ತಲೂ ಫೀಲರ್ ಗೇಜ್ (ಸಣ್ಣ ಎಡೆ ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಯಾವಾಗಲೂ ಒಂದೇ ರೀತಿ ಎಳೆದು ಜರ್ಕ್ ಹೊಡೆದರೆ ಹೌಸಿಂಗ್ ನೋಡಿ: ಬೆರಳುಗಳ ಬದಿಯಲ್ಲಿ ಉಗುರು ಆಡಿಸಿದಾಗ ಹಳ್ಳಕ್ಕೆ ಸಿಕ್ಕಿಕೊಳ್ಳುತ್ತದೆ. ತೆಳು ಗೆರೆಯಾದರೆ ಚಪ್ಪಟೆ ಅರದಲ್ಲಿ ಎಲ್ಲ ಬೆರಳಿಗೂ ಸಮವಾಗಿ ನಯ ಮಾಡಬಹುದು. ಆಳ ಹಳ್ಳಕ್ಕೆ ಬೇರೆ ಹೌಸಿಂಗೇ ಗತಿ. ಅಡ್ಜಸ್ಟ್ ಮಾಡಿದಷ್ಟು ಸಲವೂ ಸಡಿಲವಾಗುತ್ತಾ ಹೋದರೆ ಗಾಡಿ ಅಲ್ಲೇ ನಿಲ್ಲಿಸಿ, ರಾಡು ಮತ್ತು ಬಾಲ್ ನೋಡಿಸಿ.

ಇದೆಲ್ಲಕ್ಕೂ ಮೊದಲು ಖರ್ಚಿಲ್ಲದ್ದನ್ನು ನೋಡಬೇಕು. ಲೀವರಿನ ಬುಡದಲ್ಲಿ ಎರಡು-ಮೂರು ಮಿಲಿಮೀಟರು ಆಟ (ಸಡಿಲ) ಇದ್ದರೆ ಸಾಕು, ಅದಕ್ಕಿಂತ ಹೆಚ್ಚಿದ್ದರೆ ಅಷ್ಟು ತಳ್ಳುವಿಕೆ ನಷ್ಟ. ಪಿನ್ನಿನ ತೂತು ಸವೆದು ಉದ್ದವಾಗಿದೆಯೇ, ಕೇಬಲಿನ ಎಳೆ ಹರಿದಿದೆಯೇ, ಹೊರಕವಚದೊಳಗೆ ತುಕ್ಕು ಹಿಡಿದಿದೆಯೇ ನೋಡಿ. ಹ್ಯಾಂಡಲ್ ಎತ್ತರಿಸಿದ ಗಾಡಿಗಳಲ್ಲಿ ಹಳೆ ಕೇಬಲ್ ಗಿಡ್ಡವಾಗುತ್ತದೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಲೀವರಿನ ಆಟ ಬದಲಾಗಬಾರದು. ಮಳೆಗಾಲ ಕಳೆದು ತೆಗೆದ ಗಾಡಿಯಾದರೆ ಎಂಜಿನ್ ಆಫ್ ಇಟ್ಟು, ಗೇರಿಗೆ ಹಾಕಿ, ಕ್ಲಚ್ ಹಿಡಿದು ಹಿಂದೆ ಮುಂದೆ ತಳ್ಳಿ. ಅಂಟಿದ ಪ್ಲೇಟು ಎಷ್ಟೋ ಸಲ ಅಷ್ಟರಲ್ಲೇ ಬಿಡುತ್ತದೆ. ಎಣ್ಣೆ ಬದಲಿಸಿ ಮತ್ತೆ ನೋಡಿ. ನಮ್ಮ ಗಾಡಿಗೆ ಶುರುವಿನಲ್ಲಿ ಬೇಕಿದ್ದದ್ದು ಬಹುಶಃ ಇಷ್ಟೇ ಅಂತ ಆ ಹಿರಿಯರು ಹೇಳಿದರು. ಕೇಳಿ ಹೊಟ್ಟೆ ಉರಿಯಿತು.

ಹೆದರಿಸುವುದಕ್ಕೆ ಹೇಳುತ್ತಿಲ್ಲ: ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಎತ್ತಿ, ಗೇರಿನಲ್ಲಿ ಕ್ಲಚ್ ಹಿಡಿದಾಗ ಚಕ್ರ ಮೆಲ್ಲ ತಿರುಗಿದರೆ ಅದು ಎಣ್ಣೆಯ ಎಳೆತ, ಸಹಜ. ಬ್ರೇಕನ್ನು ಹಗುರ ಒತ್ತಿದಾಗ ಚಕ್ರ ನಿಂತು ಎಂಜಿನ್ ಓಡುತ್ತಲೇ ಇದ್ದರೆ ಚಿಂತೆ ಬೇಡ. ಚಕ್ರದ ಜೊತೆ ಎಂಜಿನ್ನೂ ನಿಂತರೆ ರಿಪೇರಿ ಬೇಕು. ಮುಂದೂಡಿದರೆ ಗೇರುಗಳನ್ನು ಒಂದಕ್ಕೊಂದು ಹಿಡಿಸುವ ಗಟ್ಟಿಗಳ (ಡಾಗ್) ಮೂಲೆ ಸವೆದು, ಗೇರ್ ತಾನಾಗಿ ಹಾರಲು ಶುರುವಾಗುತ್ತದೆ. ಆಗ ಎಂಜಿನ್ ಪೂರ್ತಿ ಬಿಚ್ಚಬೇಕು.

ಪ್ಲೇಟು ನಿಜವಾಗಿ ಬದಲಿಸಬೇಕಾಗಿ ಬಂದರೂ ಜಾಗ್ರತೆ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೇ 1996ರಲ್ಲಿ, 135 ಕೂಡ ನಿಂತು ಎಷ್ಟೋ ಕಾಲವಾಯಿತು. ಅಂಗಡಿಯಲ್ಲಿ ಸಿಗುವುದರಲ್ಲಿ ನಕಲಿ ತುಂಬ. ಹಳೆ ಪ್ಲೇಟನ್ನೂ ಒಂದು ವರ್ನಿಯರನ್ನೂ ಜೊತೆಗೆ ಒಯ್ಯಿರಿ, ಹೊಸ ಸೆಟ್ಟಿನ ಪ್ರತಿ ಪ್ಲೇಟಿನ ದಪ್ಪ ಅಳೆಯಿರಿ. ನಮಗೆ ಹಾಕಿದ್ದ ಸೆಟ್ಟಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಸಮ ಇರಲಿಲ್ಲ, ಒಟ್ಟು ಅಟ್ಟಿಯೇ ದಪ್ಪವಾಗಿ ಎಡೆ ಇಲ್ಲದಾಗಿತ್ತು. ಹೊಸ ಫ್ರಿಕ್ಷನ್ ಪ್ಲೇಟನ್ನು ಒಂದು ರಾತ್ರಿ ಗೇರ್ ಆಯಿಲಿನಲ್ಲಿ ನೆನೆಸಿಯೇ ಕೂರಿಸಬೇಕು. ಪ್ಯಾಕೆಟ್ ಹರಿದು ಒಣಗಿದ್ದನ್ನೇ ಹಾಕುವವರನ್ನು ತಡೆಯಿರಿ.

ಕೆಲಸ ಕೊಡುವಾಗ ಎರಡು ಮಾತು ಮೊದಲೇ ಹೇಳಿ: ತೆಗೆದ ಹಳೆ ಸಾಮಾನು ವಾಪಸು ಬೇಕು, ಹಾಕಿದ ಸಾಮಾನಿಗೆ ಬಿಲ್ಲು ಬೇಕು. ನಮಗೆ ಎರಡೂ ಸಿಗಲಿಲ್ಲ, "ಹಳೇದು ಗುಜರಿಗೆ ಹೋಯ್ತು" ಅಂದರು. ಬಿಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 1915 ಸಹಾಯವಾಣಿಯಲ್ಲಿಯೂ ವಿಚಾರಿಸಬಹುದು.

ಹಳೆ ಟೂ-ಸ್ಟ್ರೋಕಿಗೆ ಈಗ ಬೇಡಿಕೆ ಹೆಚ್ಚಿದೆ, ಸುಳ್ಯ, ಪುತ್ತೂರು, ಕುಂಬಳೆ ಎಲ್ಲ ಕಡೆಯಿಂದ ಹುಡುಗರು ಹುಡುಕಿಕೊಂಡು ಹೋಗಿ ತರುತ್ತಾರೆ. ಪೇಂಟು ಮತ್ತು ಸದ್ದು ನೋಡಿ ದುಡ್ಡು ಎಣಿಸಬೇಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಫಸ್ಟ್ ಗೇರಿಗೆ ಹಾಕಿ, ಸಮತಟ್ಟು ಜಾಗದಲ್ಲಿ ಕ್ಲಚ್ ಹಿಡಿದು ನಿಲ್ಲಿ, ನಿಂತಲ್ಲೇ ನ್ಯೂಟ್ರಲ್ ಹುಡುಕಿ. ಒಂದು ಸುತ್ತು ಓಡಿಸಿ ಚೆನ್ನಾಗಿ ಬಿಸಿ ಮಾಡಿ ಬಂದು ಅದನ್ನೇ ಮತ್ತೆ ಮಾಡಿ, ಲೀವರಿನ ಆಟ ಮೊದಲಿನಷ್ಟೇ ಇದೆಯೇ ನೋಡಿ. ನೀವು ಹೋಗುವಾಗಲೇ ಮಾರುವವರು ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ, ತಣಿಯುವವರೆಗೆ ಕಾದು ಆಮೇಲೆ ಸ್ಟಾರ್ಟ್ ಮಾಡಿಸಿ.