ಹತ್ತು ತಿಂಗಳು ಡಬ್ಬಿ ಹಾಲು: ಪುಡಿಯ ಮೇಲೆ ದೂರಿಲ್ಲ, ಚಮಚದ ಮೇಲೆ ಇದೆ

ಮಗಳು ಹುಟ್ಟಿದ್ದು ಮೇ ಕೊನೆಗೆ, 2.3 ಕೆಜಿ. ನನಗೆ ಹಾಲು ಸಾಲುತ್ತಿರಲಿಲ್ಲ. ಡಾಕ್ಟರ್ ಹೇಳಿದ ಮೇಲೆ ಎದೆಹಾಲಿನ ಜೊತೆಗೆ ಡಬ್ಬಿ ಹಾಲು, ಅಂದರೆ ನೀರಿಗೆ ಕಲಸುವ ಶಿಶು ಹಾಲಿನ ಪುಡಿ, ಶುರು ಮಾಡಿದೆವು. ಡಬ್ಬಿಯ ಮೇಲಿನ ಪೋಷಕಾಂಶಗಳ ಉದ್ದ ಪಟ್ಟಿಯನ್ನು ನೀವೂ ಓದಿರುತ್ತೀರಿ, ಅದು ಬೇಡ. ನನ್ನ ಸಿಟ್ಟೆಲ್ಲ ಒಳಗಿರುವ ಅಳತೆ ಚಮಚದ ಮೇಲೆ.

ಅದು ಪುಡಿಯೊಳಗೇ ಹೂತಿರುತ್ತದೆ, ಪ್ರತಿ ಸಲ ಬೆರಳು ಹಾಕಿ ಹುಡುಕಬೇಕು. ಮೇಲಿಂದ ನಮ್ಮೂರ ಮಳೆ. ಸುರತ್ಕಲ್‌ನಲ್ಲಿ ಕಡಲಿಗೆ ಹತ್ತಿರ ನಮ್ಮ ಮನೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಉಪ್ಪೇ ನೀರಾಗುತ್ತದೆ, ಇನ್ನು ಈ ಪುಡಿ ಉಳಿಯುತ್ತದಾ? ಡಬ್ಬಿ ತೆರೆದು ವಾರವಾಗುವ ಮೊದಲೇ ಗಂಟು ಕಟ್ಟಿತು. ಒತ್ತಿ ತುಂಬಿದರೆ ಜಾಸ್ತಿ ಹೋಗುತ್ತದೆ, ಸುಮ್ನೆ ತೆಗೆದರೆ ಕಡಿಮೆ. ನಮ್ಮ ಡಬ್ಬಿಯ ಲೆಕ್ಕ 30 ಮಿಲಿ ನೀರಿಗೆ ಒಂದು ಸಮ ಚಮಚ. ಅದು ತಪ್ಪಿದರೆ ಕುಡಿಸುವ ಹಾಲೇ ಬೇರೆ ಆಗುತ್ತದೆ.

ಅತ್ತೆ "ಸ್ವಲ್ಪ ದಪ್ಪ ಮಾಡು ಮಾರಾಯ್ತಿ, ಮಗು ಮೈ ತುಂಬಿಕೊಳ್ಳಲಿ" ಎಂದು ಎರಡು ವಾರ ತುಂಬು ಚಮಚ ಹಾಕಿದರು. ಮಗಳಿಗೆ ಮಲ ಗಟ್ಟಿಯಾಯಿತು, ರಾತ್ರಿಯಿಡೀ ಅಳು. ಡಾಕ್ಟರ್ ಅತ್ತೆಯನ್ನೇ ಎದುರು ಕೂರಿಸಿ ಬಿಡಿಸಿ ಹೇಳಿದರು. ಎದೆಹಾಲಿನಲ್ಲಿ 100 ಮಿಲಿಗೆ ಸುಮಾರು 1 ಗ್ರಾಂ ಪ್ರೋಟೀನ್. ಡಬ್ಬಿ ಹಾಲಿನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಸುವಿನ ಹಾಲಿನಲ್ಲಿ 3 ಗ್ರಾಂ ದಾಟುತ್ತದೆ. ದಪ್ಪ ಕಲಸಿದರೆ ಪ್ರೋಟೀನ್, ಉಪ್ಪಿನಂಶ ಎರಡೂ ಏರಿ ಪುಟ್ಟ ಕಿಡ್ನಿಗೆ ಭಾರ.

ಇನ್ನೊಂದು ಮಾತು ನನ್ನ ಮನಸ್ಸಿಗೆ ತಟ್ಟಿತು. ತಿಂಗಳು ಕಳೆದಂತೆ ಎದೆಹಾಲಿನ ಪ್ರೋಟೀನ್ ತಾನಾಗಿ ಇಳಿಯುತ್ತದೆ, ಡಬ್ಬಿಯದು ಇದ್ದ ಹಾಗೇ ಇರುತ್ತದೆ. ಮೂರು ತಿಂಗಳ ನಂತರ ಡಬ್ಬಿ ಹಾಲಿನ ಮಕ್ಕಳು ಬೇಗ ತೂಕ ಏರುವುದಕ್ಕೆ ಇದೂ ಒಂದು ಕಾರಣವಂತೆ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟವು, ಎದೆಹಾಲು ಕುಡಿದ ಮಕ್ಕಳನ್ನು ನೋಡಿ ಮಾಡಿದ್ದು. ಪಕ್ಕದ ಮನೆಯ ಮಗು ಬರೀ ಎದೆಹಾಲಿನದ್ದು, ನನ್ನ ಮಗಳಿಗಿಂತ ತೆಳ್ಳಗೆ. ಅದರ ಗೆರೆ ಸರಿಯಾಗಿಯೇ ಇತ್ತು. ಅವತ್ತಿನಿಂದ ದುಂಡು ಕೆನ್ನೆ ನೋಡಿ ಹೋಲಿಸುವುದನ್ನು ಬಿಟ್ಟೆ.

ಅತ್ತೆಯ ಮೇಲಿನ ಕೋಪವೂ ಇಳಿಯಿತು. ಈಗ ಚಮಚವನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡುವುದು ಅವರದೇ ಕೆಲಸ, ನನ್ನನ್ನೂ ನಂಬುವುದಿಲ್ಲ. ರಾತ್ರಿ ಮೂರಕ್ಕೆ ನಾನು ನೀರು ಕುದಿಸುತ್ತೇನೆ. 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಹಾಕಬೇಕು, ಪುಡಿಯಲ್ಲೇ ರೋಗಾಣು ಇರಬಹುದು. ಆಮೇಲೆ ಬಾಟಲಿಯನ್ನು ಬಾವಿ ನೀರು ತುಂಬಿದ ಸ್ಟೀಲ್ ಪಾತ್ರೆಯಲ್ಲಿ ಇಟ್ಟು ತಿರುಗಿಸುತ್ತಾ ನಿಲ್ಲುತ್ತೇನೆ. ಮಣಿಕಟ್ಟಿನ ಮೇಲೆ ಒಂದು ಹನಿ. ಅಷ್ಟರಲ್ಲಿ ಮಗಳು ಅತ್ತೆಯ ಹೆಗಲ ಮೇಲಿಂದ ಕಣ್ಣು ಬಿಟ್ಟು ನೋಡುತ್ತಿರುತ್ತಾಳೆ.

ಮಳೆಗಾಲದಲ್ಲಿ ಕೊಳ್ಳುವುದಾದರೆ 400 ಗ್ರಾಂನದ್ದೇ ತಗೊಳ್ಳಿ. ದೊಡ್ಡದು ಅಗ್ಗ ಅಂತ ನಾನು ತಂದೆ, ಗಂಟಾಗಿ ಅರ್ಧ ಚೆಲ್ಲಬೇಕಾಯಿತು. ಕಂಪನಿಯವರು ಮುಚ್ಚಳದಲ್ಲಿ ಚಮಚಕ್ಕೊಂದು ಜಾಗ, ಸವರಲು ಒಂದು ಅಂಚು ಕೊಡಲಿ. ಐದಕ್ಕೆ ಮೂರೂವರೆ.